ಅಚ್ಚಿನ ಹಿಂದಿನ ಕೈಗಳು

"ಯೇ ಸಬ್ ಜೆರಾಕ್ಸ್ ಹೈ ಕ್ಯಾ ಬೇಟಾ?"

ಹೈದರಾಬಾದಿನ ಒಂದು ಗ್ಯಾಲರಿಯಲ್ಲಿ ಅಚ್ಚುಚಿತ್ರಗಳ ಪ್ರದರ್ಶನ ನೋಡಲು ಹೋದಾಗ ಬಾಗಿಲು ಕಾಯುತ್ತಿದ್ದ ಚಾಚಾ ಹೀಗೆ ಕೇಳಿದರು. ನನಗೆ ನಗು ಬಂತು. ಕಲಬುರಗಿಯಿಂದ ಬಂದು ಇಲ್ಲಿ ಪ್ರಿಂಟ್‌ಮೇಕಿಂಗ್ ಓದುತ್ತಿರುವವಳು ನಾನು. ಆದರೆ ಒಳಗೆ ಒಂದು ಸುತ್ತು ಹಾಕಿ ಬಂದ ಮೇಲೆ ನಗು ನಿಂತುಹೋಯಿತು. ಚಾಚಾ ಕೇಳಿದ್ದರಲ್ಲಿ ತಪ್ಪೇನಿದೆ? ಪ್ರತಿ ಚಿತ್ರದ ಕೆಳಗೂ ಪೆನ್ಸಿಲಿನಲ್ಲಿ 7/25, 3/10 ಎಂದು ಬರೆದಿದೆ. ಇಪ್ಪತ್ತೈದು ಪ್ರತಿ ಇದ್ದರೆ ಅಸಲು ಯಾವುದು? ಇದಕ್ಕೆ ಪ್ರದರ್ಶನದಲ್ಲಿ ಎಲ್ಲೂ ಉತ್ತರವಿರಲಿಲ್ಲ.

ಚಿತ್ರಗಳ ಬಗ್ಗೆ ನನ್ನ ತಕರಾರಿಲ್ಲ. ಕೆ. ಲಕ್ಷ್ಮಾ ಗೌಡರ ಎಚಿಂಗ್‌ಗಳ ಮುಂದೆ ಅರ್ಧ ಗಂಟೆ ನಿಂತಿದ್ದೆ. ಮೆದಕ್ ಸೀಮೆಯ ನಿಜಾಂಪುರದಲ್ಲಿ 1940ರಲ್ಲಿ ಹುಟ್ಟಿದ ಅವರು ಹೈದರಾಬಾದ್ ಮತ್ತು ಬರೋಡಾದಲ್ಲಿ ಕಲಿತರು. ತೆಲಂಗಾಣದ ಆಡು, ಮರ, ಹೊಲಗೆಲಸದ ಗಂಡು ಹೆಣ್ಣುಗಳನ್ನು ಕೂದಲೆಳೆಯಂಥ ಗೆರೆಗಳಲ್ಲಿ ತಂದರು. ಹಳ್ಳಿ ಅಂದ್ರೆ ಮುಗ್ಧತೆ ಅನ್ನುವ ಪಟ್ಟಣದವರ ಕಲ್ಪನೆ ಅಲ್ಲಿಲ್ಲ. ಆಸೆ, ಹಸಿವು, ಮೈಯ ದಣಿವು ಎಲ್ಲವೂ ಇದೆ.

ಆದರೆ ಆ ಗೆರೆ ಹುಟ್ಟುವುದು ಹೇಗೆ? ಸತುವಿನ ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಗೀರಿ, ಆಮ್ಲದಲ್ಲಿ ಮುಳುಗಿಸಬೇಕು. ಗೀರಿದಲ್ಲಿ ಮಾತ್ರ ಆಮ್ಲ ಲೋಹವನ್ನು ತಿನ್ನುತ್ತದೆ. ಆ ಗುಂಡಿಗಳಿಗೆ ಶಾಯಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದವಿಟ್ಟು ಪ್ರೆಸ್ಸಿನಲ್ಲಿ ಒತ್ತಬೇಕು. ಪ್ರತಿ ಪ್ರತಿಗೂ ಮತ್ತೆ ಶಾಯಿ, ಮತ್ತೆ ಒರೆಸುವಿಕೆ. ಹಾಗಾಗಿ ಇಪ್ಪತ್ತೈದೂ ಅಸಲೇ. ಗೋಡೆಯ ಪಕ್ಕ ಒಂದು ತಗಡು, ಒಂದು ಸೂಜಿ ಇಟ್ಟಿದ್ದರೆ ಚಾಚಾಗೆ ಇದು ಯಾರೂ ಹೇಳದೆಯೇ ತಿಳಿಯುತ್ತಿತ್ತು. ಇದ್ದದ್ದು ಮಾತ್ರ ಕಲಾವಿದರ ಹೆಸರು, ಇಸವಿ, 'ಎಚಿಂಗ್' ಎಂಬ ಒಂದು ಪದ.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಈ ಊರಿಗೆ ತನ್ನದೇ ಅಚ್ಚಿನ ಚರಿತ್ರೆ ಇದೆ. ನಸ್ತಾಲಿಕ್ ಲಿಪಿಯನ್ನು ಸೀಸದ ಮೊಳೆಗಳಿಗೆ ಒಗ್ಗಿಸುವುದು ಕಷ್ಟವಾದ್ದರಿಂದ ಉರ್ದು ಮುದ್ರಣ ಬಹುಕಾಲ ಕಲ್ಲಚ್ಚನ್ನೇ ನಂಬಿತ್ತು. ಕಾತಿಬ್ ವಿಶೇಷ ಕಾಗದದ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರೆಯುತ್ತಿದ್ದ. ಅದನ್ನು ಕಲ್ಲಿಗೆ ಇಳಿಸಿ ಅಚ್ಚು ತೆಗೆಯುತ್ತಿದ್ದರು. 1981ರಲ್ಲಿ ನೂರಿ ನಸ್ತಾಲಿಕ್ ಎಂಬ ಕಂಪ್ಯೂಟರ್ ಲಿಪಿ ಬಂದ ಮೇಲೆ ಕಾತಿಬರ ಕೆಲಸ ಮೆಲ್ಲಗೆ ಕರಗಿತು. ಛತ್ತಾ ಬಜಾರಿನಲ್ಲಿ ಈಗಲೂ ಮದುವೆ ಕಾರ್ಡು ಅಚ್ಚಾಗುತ್ತದೆ. ಕಲಬುರಗಿ 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ನಮ್ಮ ದಾದಾ ಉರ್ದುವಿನಲ್ಲಿ ಶಾಲೆ ಕಲಿತವರು. ಅವರ ಮದುವೆಯ ಕಾರ್ಡು ಮನೆಯ ಟ್ರಂಕಿನಲ್ಲಿದೆ. ನನಗೆ ಓದಲು ಬರುವುದಿಲ್ಲ. ಗೆರೆಯ ಏರಿಳಿತ ಮಾತ್ರ ಕಾಣುತ್ತದೆ.

ಜರೀನಾ ಹಾಶ್ಮಿ ನನಗೆ ನೆನಪಾಗುವುದು ಇಲ್ಲೇ. ಅಲೀಗಢದಲ್ಲಿ 1937ರಲ್ಲಿ ಹುಟ್ಟಿ 2020ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ ಈ ಕಲಾವಿದೆ 1999ರಲ್ಲಿ 36 ಮರದಚ್ಚುಗಳ ಒಂದು ಮಾಲಿಕೆ ಮಾಡಿದರು. ಪ್ರತಿಯೊಂದರಲ್ಲೂ ಒಂದು ಉರ್ದು ಪದ, ಮನೆಯ ಒಂದು ನೆನಪು. ಆ ಪದಗಳನ್ನು ಬರೆದದ್ದು ಕಾತಿಬನ ಕೈ. ದೇಶ ವಿಭಜನೆಯ ಗಡಿಯನ್ನು 2001ರಲ್ಲಿ ಅವರು ಅಚ್ಚಿಗಿಳಿಸಿದ ರೀತಿಯಂತೂ ಮರೆಯಲಾಗದ್ದು. ಗೆರೆಯನ್ನು ಕೆತ್ತಲಿಲ್ಲ. ಸುತ್ತಲಿನ ನೆಲವನ್ನು ಕೆತ್ತಿ ತೆಗೆದು ಗೆರೆಯನ್ನು ಉಳಿಸಿದರು. ಇಲ್ಲಿ ತಂತ್ರವೇ ಅರ್ಥ. ಮರದಚ್ಚು ಹೇಗಾಗುತ್ತದೆಂದು ಗೊತ್ತಿಲ್ಲದವರಿಗೆ ಅದು ಬರೀ ಕಪ್ಪು ಗೆರೆ. ತಂತ್ರವನ್ನು ಹೇಳದ ಪ್ರದರ್ಶನ ನೋಡುಗರಿಂದ ಅರ್ಧ ಚಿತ್ರವನ್ನು ಮುಚ್ಚಿಡುತ್ತದೆ ಎಂದು ನಾನು ಹೇಳುವುದು ಇದಕ್ಕೇ.

ಹೊರಗೆ ಬಂದು ಚಾಚಾಗೆ ಫೋನಿನಲ್ಲಿದ್ದ ನಮ್ಮ ಸ್ಟುಡಿಯೋದ ವಿಡಿಯೋ ತೋರಿಸಿದೆ. ಪ್ರೆಸ್ಸಿನ ಚಕ್ರವನ್ನು ಗೆಳತಿ ತಿರುಗಿಸುತ್ತಿದ್ದಳು, ನಾನು ಕಾಗದ ಹಿಡಿದಿದ್ದೆ. ಅವರು ಎರಡು ಸಲ ನೋಡಿ ಕೇಳಿದರು: "ಇಬ್ಬರು ಕೆಲಸ ಮಾಡಿದ್ದೀರಿ, ಕೆಳಗೆ ಹೆಸರು ಯಾರದು?"

ನನ್ನದೊಂದೇ ಇತ್ತು. ಆ ಪ್ರಿಂಟುಗಳ ಹಿಂದೆ ಈಗ ಗೆಳತಿಯ ಹೆಸರನ್ನೂ ಬರೆದಿದ್ದೇನೆ. ಮುಂದೆ ಯಾಕೆ ಬರೆಯಲಿಲ್ಲ ಎಂದು ಅವಳು ಕೇಳಿದರೆ ಹೇಳಲು ನನ್ನ ಬಳಿ ಸರಿಯಾದ ಉತ್ತರವಿಲ್ಲ.