ಮೀನಿನ ಬುಟ್ಟಿ, ಗೌರಿ ಹಬ್ಬದ ಸೀರೆ

ಸಿರಿವಂತರ ಮನೆಯ ಅಕ್ಕತಂಗೀರಿಗೆ ಗಂಡು ಸಿಗುವ ಕತೆ ಅಂದರೆ, ಬೇಸಾಯಗಾರರಾದ ನಮಗೆ ಅದರಲ್ಲೇನು ಕೆಲಸ ಅಂತ ಕೇಳೋರಿದ್ದಾರೆ. ಇಂಗ್ಲೆಂಡಿನ ಜೇನ್ ಆಸ್ಟಿನ್ ಬರೆದು 1811ರಲ್ಲಿ ಅಚ್ಚಾದ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ' ಅಂಥದೇ ಕಾದಂಬರಿ. ಆಗ ಆಯಮ್ಮ ತನ್ನ ಹೆಸರನ್ನೂ ಹಾಕಿಸಲಿಲ್ಲ, ಒಬ್ಬ ಹೆಂಗಸು ಬರೆದದ್ದು ಅಂತ ಮಾತ್ರ ಇತ್ತು. ನಾನು ಓದಿರೋದು ಏಳನೇ ಕ್ಲಾಸು. ನಮ್ಮ ತಾಳವಾಡಿ ಸೀಮೆಯ ಈ ವಾಚನಾಲಯದಲ್ಲಿ ಕಾಲೇಜು ಮಕ್ಕಳು ಒಂದೊಂದೇ ಅಧ್ಯಾಯ ಕನ್ನಡದಲ್ಲಿ ಹೇಳಿದ್ದನ್ನು ಕೂತು ಕೇಳಿದೆ. ಕೇಳಿದ ಮೇಲೆ ಅನ್ನಿಸಿದ್ದು ಇಷ್ಟು: ಇದು ಪ್ರೀತಿಯ ಕತೆ ಹೌದು, ಆದರೆ ಅದಕ್ಕಿಂತ ಮೊದಲು ಪಾಲಿನ ಕತೆ.

ಎಲಿನಾರ್, ಮೇರಿಯಾನ್, ಮಾರ್ಗರೆಟ್ ಮೂವರು ಅಕ್ಕತಂಗೀರು. ಅಪ್ಪ ಸತ್ತಾಗ ಅವರಿದ್ದ ದೊಡ್ಡ ಮನೆ, ಜಮೀನು ಎಲ್ಲ ಮೊದಲ ಹೆಂಡತಿಯ ಮಗ ಜಾನನ ಪಾಲಾಯ್ತದೆ. ಸಾಯುವ ಮುಂಚೆ ಅಪ್ಪ ಮಗನನ್ನು ಕರೆದು ಇವರನ್ನು ನೋಡ್ಕೋ ಅಂದಿರ್ತಾನೆ. ಜಾನ್ ಕೆಟ್ಟವನೇನಲ್ಲ. ಮೂವರಿಗೂ ಸೇರಿ 3,000 ಪೌಂಡು ಕೊಡೋಣ ಅಂತ ಮನಸ್ಸು ಮಾಡ್ತಾನೆ. ಎರಡನೇ ಅಧ್ಯಾಯದಲ್ಲಿ ಹೆಂಡತಿ ಫ್ಯಾನಿ ಅವನ ಪಕ್ಕ ಕೂತು ಮಾತು ತೆಗೀತಾಳೆ. ನಮ್ಮ ಮಗುವಿನ ಗತಿ ಏನು ಅಂತಾಳೆ. 3,000 ಹೋಗಿ 1,500 ಆಯ್ತದೆ. ಅದೂ ಬೇಡ, ತಾಯಿಗೆ ವರ್ಷಕ್ಕೆ 100 ಅಂತಾಯ್ತದೆ. ಆಮೇಲೆ ಆಗಾಗ 50. ಕೊನೆಗೆ ದುಡ್ಡೇ ಬೇಡ, ಮನೆ ಬದಲಾಯಿಸುವಾಗ ಕೈಜೋಡಿಸಿ, ಕಾಲಕಾಲಕ್ಕೆ ಮೀನು, ಬೇಟೆ ಮಾಂಸ ಕಳಿಸಿದರೆ ಸಾಕು ಅಂತ ನಿಲ್ತದೆ. ಒಂದು ಜಗಳ ಇಲ್ಲ, ಒಂದು ಕೆಟ್ಟ ಮಾತಿಲ್ಲ. ಗಂಡಹೆಂಡಿರು ನ್ಯಾಯವನ್ನೇ ಮಾತಾಡ್ತಾ ಅನ್ಯಾಯ ಮಾಡಿ ಮುಗಿಸ್ತಾರೆ. ಇಡೀ ಪುಸ್ತಕದಲ್ಲಿ ಇಷ್ಟು ಗಟ್ಟಿ ಬರವಣಿಗೆ ಇನ್ನೊಂದಿಲ್ಲ.

ಇದನ್ನು ಕೇಳಿ ನಕ್ಕುಬಿಡುವುದು ಸುಲಭ. ನಮ್ಮ ತಮಿಳುನಾಡಲ್ಲಿ 1989ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಅಂತ ಕಾನೂನು ಬಂತು. ಗಡಿಯಾಚೆ ಕರ್ನಾಟಕದಲ್ಲಿ 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ. ಆದರೂ ಅಣ್ಣನ ಮುಖ ನೋಡಿ, ತವರಿನ ದಾರಿ ಮುಚ್ಚಬಾರದು ಅಂತ ಹೆದರಿ, ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ಅಕ್ಕತಂಗೀರು ಯಾವ ಊರಲ್ಲಿಲ್ಲ ಹೇಳಿ? ಫ್ಯಾನಿಯಮ್ಮನ ಮೀನಿನ ಬುಟ್ಟಿ ನಮ್ಮಲ್ಲಿ ಗೌರಿ ಹಬ್ಬದ ಸೀರೆ, ಅಷ್ಟೇ.

ಪಾಲು ಹೋಯ್ತು ಅಂದಮೇಲೆ ಈ ಹುಡುಗೀರ ಪ್ರೀತಿಯ ಬೆಲೆಯೂ ಇಳೀತದೆ. ಮೇರಿಯಾನಳನ್ನು ಮೆಚ್ಚಿದ ವಿಲ್ಲೊಬಿ 50,000 ಪೌಂಡು ತರುವ ಹೆಣ್ಣನ್ನು ಕಟ್ಟಿಕೊಳ್ತಾನೆ. ಎಲಿನಾರಳು ಮೆಚ್ಚಿದ ಎಡ್ವರ್ಡ್ ಮೊದಲೇ ಇನ್ನೊಬ್ಬಳಿಗೆ ಗುಟ್ಟಾಗಿ ಮಾತು ಕೊಟ್ಟವನು. ತಂಗಿ ಮನೆಯೆಲ್ಲ ಕೇಳೋ ಹಂಗೆ ಅಳ್ತಾಳೆ. ಅಕ್ಕ ನಾಲ್ಕು ತಿಂಗಳು ತನ್ನ ನೋವು ನುಂಗಿಕೊಂಡು ತಂಗಿಯ ಕಣ್ಣೊರೆಸ್ತಾಳೆ. ನಮ್ಮ ಹಾಡಿಕೆಯಲ್ಲಿ ಮುಂದಾಳಿನ ದನಿ ಎಲ್ಲರಿಗೂ ಕೇಳ್ತದೆ; ಹಿಂದೆ ಸೊಲ್ಲು ಹಿಡಿಯೋನು ಉಸಿರು ಬಿಟ್ಟರೆ ಮಾತ್ರ ಕತೆ ಬೀಳ್ತದೆ. ಎಲಿನಾರ್ ಸೊಲ್ಲು ಹಿಡಿದವಳು. ನಿಜ ಗೊತ್ತಾದ ದಿನ ತಂಗಿ ನಾಚಿ ಅಳುವ ಕಡೆ ನನ್ನ ಗಂಟಲೂ ಕಟ್ಟಿತು. ಗಂಡುಗಳ ಪ್ರೀತಿಗಿಂತ ಇವರಿಬ್ಬರ ಪ್ರೀತಿಯೇ ಈ ಪುಸ್ತಕದ ಜೀವ.

ತಪ್ಪು ಕಾಣೋದು ಕೊನೇಲಿ. ಮೂವತ್ತೈದು ದಾಟಿದ ಕರ್ನಲ್ ಬ್ರಾಂಡನ್ ಒಳ್ಳೆಯವನು, ಈ ಮನೆಗೆ ಉಪಕಾರ ಮಾಡಿದವನು. ಅದಕ್ಕೆ ಎಲ್ಲರೂ ಸೇರಿ ಹತ್ತೊಂಬತ್ತರ ಮೇರಿಯಾನಳನ್ನು ಅವನಿಗೆ ಬಹುಮಾನದ ಹಂಗೆ ಕೊಡ್ತಾರೆ. ಕಾಲಕ್ರಮದಲ್ಲಿ ಅವಳ ಮನಸ್ಸೂ ಅವನ ಕಡೆ ತಿರುಗಿತು ಅಂತ ಆಯಮ್ಮ ಬರೀತಾಳೆ, ಆದರೆ ಹೆಂಗೆ ತಿರುಗಿತು ಅಂತ ತೋರಿಸೋದಿಲ್ಲ. ರಾತ್ರಿಯೆಲ್ಲ ಕತೆ ಹಾಡಿ, ಕೋಳಿ ಕೂಗಿತು ಅಂತ ಗಡಿಬಿಡೀಲಿ ಮಂಗಳ ಹಾಡಿ ಎದ್ದಂಗಾಯ್ತು. ಪಾಲು ಹಂಚುವವರ ಬಣ್ಣ ಬಯಲು ಮಾಡಿದ ಕೈಯೇ ಕೊನೆಗೆ ಹುಡುಗಿಯನ್ನೂ ಹಂಚಿಬಿಡ್ತಲ್ಲ ಅಂತ ನನಗೆ ಸಂಕಟ. ಇದೇ ಕತೆಯನ್ನು ರಾಜೀವ್ ಮೆನನ್ 2000ದಲ್ಲಿ ತಮಿಳಿನಲ್ಲಿ 'ಕಂಡುಕೊಂಡೇನ್ ಕಂಡುಕೊಂಡೇನ್' ಅಂತ ಸಿನಿಮಾ ಮಾಡಿದರು. ಅದರಲ್ಲಿ ಕಾಲು ಕಳೆದುಕೊಂಡ ಸೈನಿಕನಾಗಿ ಮಮ್ಮುಟ್ಟಿ, ಹಾಡುವ ತಂಗಿಯಾಗಿ ಐಶ್ವರ್ಯ ರೈ. ಅಲ್ಲಿ ಇಬ್ಬರಿಗೂ ಒಬ್ಬರನ್ನೊಬ್ಬರು ಅರಿಯಲು ಹೊತ್ತು ಸಿಕ್ಕದೆ. ಆ ಒಂದು ವಿಷಯದಲ್ಲಿ ಸಿನಿಮಾವೇ ಮೇಲು.

ಅಷ್ಟಾದರೂ ಪುಸ್ತಕದ ಕೊನೇ ಮಾತು ಒಪ್ಪುವಂಥದು. ಮದುವೆಯಾದ ಮೇಲೂ ಅಕ್ಕತಂಗೀರು ಕೂಗಳತೆಯಲ್ಲೇ ಬಾಳ್ತಾರೆ, ತಮ್ಮ ತಮ್ಮಲ್ಲೂ ಗಂಡಂದಿರ ನಡುವೆಯೂ ಮನಸ್ತಾಪ ಬರಗೊಡೋದಿಲ್ಲ. ದೊಡ್ಡ ಮನೆ ಹೋದರೂ ಉಳಿದ ಸಿರಿ ಅದು.

ಹೆಣ್ಣುಮಕ್ಕಳಿರುವ ಮನೆಯವರು ಪುಸ್ತಕ ಪೂರ್ತಿ ಓದದಿದ್ದರೂ ಚಿಂತೆಯಿಲ್ಲ. ರಿಜಿಸ್ಟ್ರಾರ್ ಕಚೇರಿಗೆ ಬಸ್ಸು ಹತ್ತುವ ಮೊದಲು ಆ ಎರಡನೇ ಅಧ್ಯಾಯ ಒಂದನ್ನು ಯಾರ ಬಾಯಲ್ಲಾದರೂ ಹೇಳಿಸಿ ಕೇಳಿ. ಕೇಳುವಾಗ ಅಣ್ಣಂದಿರೂ ಪಕ್ಕದಲ್ಲಿ ಕೂತಿರಲಿ.