ಬೆರಳಿಗೆ ಸಿಗುವ ಕಚ್ಚು

ಜಪಾನಿನ ಶಾಂಪೂ ಸೀಸೆಯನ್ನು ಕೈಯಲ್ಲಿ ಹಿಡಿದರೆ ಅದರ ಪಕ್ಕಕ್ಕೆ ಒಂದರ ಕೆಳಗೊಂದು ಮೂಡಿದ ಸಣ್ಣ ಗೆರೆಗಳ ಸಾಲು ಬೆರಳಿಗೆ ಸಿಗುತ್ತದೆ. ಪಂಪ್ ಇರುವ ಸೀಸೆಯಾದರೆ ಒತ್ತುವ ತಲೆಯ ಮೇಲೂ ಅದೇ ಗುರುತು. ಜೊತೆಗೆ ನಿಂತ ಕಂಡಿಷನರ್ ಸೀಸೆ ಮಾತ್ರ ನುಣುಪು. ಈ ಗುರುತಿಗೆ ಅಲ್ಲಿ ‘ಕಿಝಾಮಿ’ ಎನ್ನುತ್ತಾರೆ; ಕಚ್ಚು ಎಂದರೆ ಅರ್ಥ ಸರಿಹೋಗುತ್ತದೆ. 1991ರಲ್ಲಿ ಇದನ್ನು ಮೊದಲು ಸೀಸೆಗೆ ತಂದದ್ದು ಟೋಕಿಯೊದ ಕಾವೋ ಕಂಪನಿ. 1887ರಲ್ಲಿ ಅಂಗಡಿಯಾಗಿ ಶುರುವಾಗಿ, ಮುಖದ ಸಾಬೂನಿನಿಂದ ಹೆಸರು ಪಡೆದ ಸಂಸ್ಥೆ ಅದು.

ಶಾಂಪೂ ಯಾವುದು, ಕಂಡಿಷನರ್ ಯಾವುದು ಎಂದು ತಿಳಿಯುವುದಿಲ್ಲ ಎಂಬ ಗ್ರಾಹಕರ ದೂರುಗಳೇ ಈ ಕೆಲಸಕ್ಕೆ ಕಾರಣ. ಆದರೆ ಆ ಗೊಂದಲ ತಾನಾಗಿ ಹುಟ್ಟಿದ್ದಲ್ಲ ಎಂಬುದನ್ನು ವಿಮರ್ಶಕರು ಮರೆಯಬಾರದು. ಎರಡನ್ನೂ ಜೋಡಿಯಾಗಿ ಕೊಳ್ಳಲಿ, ಅಂಗಡಿಯ ಕಪಾಟಿನಲ್ಲಿ ಅಕ್ಕತಂಗಿಯರಂತೆ ಕಾಣಲಿ ಎಂದು ತಯಾರಕರೇ ಎರಡಕ್ಕೂ ಒಂದೇ ಆಕಾರ, ಒಂದೇ ಎತ್ತರ ಕೊಡುತ್ತಾರೆ. ಅಕ್ಷರ ಓದಿ ಬೇರ್ಪಡಿಸಿಕೊಳ್ಳುವ ಕೆಲಸ ಬಳಸುವವರ ಪಾಲಿಗೆ ಬಿತ್ತು. ದೃಷ್ಟಿ ಇಲ್ಲದವರು ಒಂದು ಸೀಸೆಗೆ ರಬ್ಬರ್ ಬ್ಯಾಂಡ್ ಸುತ್ತಿಟ್ಟುಕೊಂಡು ಸಂಭಾಳಿಸುತ್ತಿದ್ದರು. ಕಂಪನಿ ಮಾಡಿದ್ದು, ಒಂದು ರೀತಿಯಲ್ಲಿ, ಆ ರಬ್ಬರ್ ಬ್ಯಾಂಡನ್ನು ಅಚ್ಚಿನೊಳಗೇ ಸೇರಿಸುವ ಕೆಲಸ.

ಹಾಗೆಂದು ಅದು ಸಣ್ಣ ಕೆಲಸವೂ ಅಲ್ಲ. ಅಂಧ ಮಕ್ಕಳ ಶಾಲೆಗಳಿಗೆ ಹೋಗಿ, ಮಾದರಿಗಳನ್ನು ಅಲ್ಲಿನವರ ಕೈಗೆ ಕೊಟ್ಟು, ಯಾವ ಗುರುತು ತಡವಿದ ಕೂಡಲೇ ತಿಳಿಯುತ್ತದೆ ಎಂದು ನೋಡಿದ ಮೇಲೆ ಕಚ್ಚು ನಿರ್ಧಾರವಾಯಿತು. ಬ್ರೈಲ್ ಅಕ್ಷರವನ್ನೇ ಒತ್ತಬಹುದಿತ್ತಲ್ಲ ಎಂಬ ಪ್ರಶ್ನೆ ಸಹಜ. ಜಪಾನಿನ ಬಿಯರ್ ಕ್ಯಾನುಗಳ ಮೇಲೆ ‘ಮದ್ಯ’ ಎಂಬ ಅರ್ಥದ ಪದ ಬ್ರೈಲಿನಲ್ಲಿ ಇರುವುದೂ ಉಂಟು. ಆದರೆ ವಯಸ್ಸಾದ ಮೇಲೆ ದೃಷ್ಟಿ ಕಳೆದುಕೊಂಡ ಎಷ್ಟೋ ಜನರಿಗೆ ಬ್ರೈಲ್ ಬರುವುದಿಲ್ಲ. ಬಂದವರಿಗೂ ಸಾಬೂನು ಹತ್ತಿದ ಒದ್ದೆ ಬೆರಳಲ್ಲಿ ಚುಕ್ಕಿ ಎಣಿಸುವುದು ಹಿಂಸೆ. ಕಚ್ಚಿಗೆ ಓದು ಬೇಡ. ಇದೆಯೋ ಇಲ್ಲವೋ ಎಂದಷ್ಟೇ ತಿಳಿದರೆ ಸಾಕು.

ಅಮೆರಿಕದ ವಾಸ್ತುಶಿಲ್ಪಿ ರಾನ್ ಮೇಸ್ ‘ಯೂನಿವರ್ಸಲ್ ಡಿಸೈನ್’ ಎಂದು ಹೆಸರಿಟ್ಟ ವಿಚಾರಕ್ಕೆ ಇದಕ್ಕಿಂತ ಸರಳ ಉದಾಹರಣೆ ಸಿಗುವುದು ಕಷ್ಟ. ಬಾಲ್ಯದಲ್ಲೇ ಪೋಲಿಯೊಗೆ ತುತ್ತಾದ ಮೇಸ್, ಅಂಗವಿಕಲರಿಗೆಂದು ಬೇರೆ ವಸ್ತು ಮಾಡುವ ಬದಲು ಎಲ್ಲರೂ ಬಳಸುವ ವಸ್ತುವನ್ನೇ ಎಲ್ಲರಿಗೂ ಒಗ್ಗುವಂತೆ ಮಾಡಬೇಕೆಂದು ವಾದಿಸಿದವರು. ನೊರೆ ಕಣ್ಣಿಗಿಳಿಯದಂತೆ ರೆಪ್ಪೆ ಬಿಗಿಹಿಡಿದವರು, ಕನ್ನಡಕ ತೆಗೆದಿಟ್ಟು ಬಚ್ಚಲಿಗೆ ಬಂದವರು, ಎಲ್ಲರೂ ಆ ಎರಡು ನಿಮಿಷ ಬೆರಳಿನಿಂದಲೇ ನೋಡಬೇಕು. ಕಚ್ಚು ಯಾರಿಗೂ ‘ಇದು ನಿಮ್ಮಂಥವರಿಗಾಗಿ’ ಎಂದು ಹೇಳುವುದಿಲ್ಲ.

ಕಾವೋ ಕೆಲಸದಲ್ಲಿ ಹೆಚ್ಚು ಬೆಲೆಬಾಳುವ ಭಾಗ ಸೀಸೆಯ ಮೇಲೆ ಕಾಣುವುದಿಲ್ಲ. ಈ ಗುರುತಿನ ಮೇಲೆ ಹಕ್ಕು ಪಡೆಯಲು ಕಂಪನಿ ಮೊದಲು ಅರ್ಜಿ ಹಾಕಿತ್ತು. ಬಳಿಕ ಆ ಹಕ್ಕನ್ನು ಬಿಟ್ಟುಕೊಟ್ಟು, ಉದ್ಯಮದ ಸಂಘದ ಮೂಲಕ ಪೈಪೋಟಿಯ ಕಂಪನಿಗಳೂ ಇದನ್ನೇ ಬಳಸಲಿ ಎಂದು ಕೇಳಿಕೊಂಡಿತು. ಇದನ್ನು ಬರೀ ಔದಾರ್ಯ ಎಂದರೆ ಅರ್ಧ ಸತ್ಯ. ಗುರುತು ಎಂಬುದು ಅಕ್ಷರದ ಹಾಗೆ. ಒಬ್ಬನೇ ಬರೆದರೆ ಅದು ಗೀಚು, ಊರೆಲ್ಲ ಒಪ್ಪಿದರೆ ಲಿಪಿ. ಒಂದು ಕಂಪನಿ ಶಾಂಪೂಗೆ ಕಚ್ಚು ಹಾಕಿ ಮತ್ತೊಂದು ಕಂಡಿಷನರಿಗೆ ಹಾಕಿದ್ದರೆ ಮೊದಲಿನ ಗೊಂದಲವೇ ಲೇಸು ಎನ್ನುವಂತಾಗುತ್ತಿತ್ತು. 2000ದಲ್ಲಿ ಹಿರಿಯರನ್ನೂ ಅಂಗವಿಕಲರನ್ನೂ ಗಮನದಲ್ಲಿಟ್ಟುಕೊಂಡು ಪೊಟ್ಟಣ, ಡಬ್ಬಿ, ಸೀಸೆಗಳಿಗಾಗಿ ಬಂದ ಜಪಾನಿನ ರಾಷ್ಟ್ರೀಯ ಮಾನದಂಡದೊಳಗೂ ಈ ಕಚ್ಚು ಸೇರಿತು. ಅಲ್ಲಿನ ಹಾಲಿನ ಪೆಟ್ಟಿಗೆಯ ಮೇಲಂಚಿನಲ್ಲಿ ಕಾಣುವ ಅರ್ಧಚಂದ್ರದ ಕಡಿತವೂ ಇದೇ ಬಳಗದ್ದು. ಒಳಗಿರುವುದು ಹಾಲು ಎಂದು ತಿಳಿಸುವುದರ ಜೊತೆಗೆ, ಬಿಚ್ಚಬೇಕಾದ ಬದಿ ತನ್ನ ಎದುರಿಗಿದೆ ಎಂದೂ ಅದು ಸೂಚಿಸುತ್ತದೆ. ಒಂದೇ ಕಡಿತ ಎರಡು ಮಾತು ಹೇಳುವ ಈ ಜಾಣ್ಮೆ ಶಾಂಪೂವಿನ ಕಚ್ಚಿಗಿಲ್ಲ.

ಕೊರತೆಗಳೂ ಅಲ್ಲಿಂದಲೇ ಶುರುವಾಗುತ್ತವೆ. ಇದೆ ಅಥವಾ ಇಲ್ಲ ಎಂಬ ಗುರುತು ಎರಡು ಸೀಸೆಗಳಿಗೆ ಸಾಕು, ಮೂರನೆಯದು ಬಂದರೆ ಸಾಲದು. ಮೈಗೆ ಹಚ್ಚುವ ದ್ರವ ಸಾಬೂನು ಅಂಥದೇ ಪಂಪ್ ಸೀಸೆಯಲ್ಲಿ ಬಚ್ಚಲಿಗೆ ಬಂದಾಗ ಕಂಡಿಷನರ್ ಯಾವುದು, ಸಾಬೂನು ಯಾವುದು ಎಂಬ ಹಳೆಯ ಪ್ರಶ್ನೆ ಹೊಸದಾಗಿ ಎದ್ದಿತು. ಸಾಬೂನಿನ ಸೀಸೆಗೆ ಒಂದೇ ಉದ್ದ ಗೆರೆಯ ಗುರುತು ಗೊತ್ತಾದದ್ದು 2010ರ ದಶಕದ ಮಧ್ಯದಲ್ಲಿ. ಎರಡು ದಶಕಕ್ಕೂ ಮಿಕ್ಕಿದ ಈ ತಡವನ್ನು ಸಮರ್ಥಿಸುವುದು ಕಷ್ಟ.

ಇನ್ನೊಂದು ಕೊರತೆ ಹೆಚ್ಚು ಆಳದ್ದು. ಗುರುತು ಇರುವುದು ಸೀಸೆಗೆ, ಒಳಗಿನ ದ್ರವಕ್ಕಲ್ಲ. ಪ್ಲಾಸ್ಟಿಕ್ ಉಳಿಸಲು ಜಪಾನಿನ ಮನೆಗಳು ರೀಫಿಲ್ ಪೊಟ್ಟಣ ತಂದು ಹಳೆಯ ಸೀಸೆಗೇ ತುಂಬಿಕೊಳ್ಳುತ್ತವೆ; ಈ ರೂಢಿ ಬೆಳೆಸಿದವರಲ್ಲಿ ಕಾವೋ ಕೂಡ ಒಂದು. ಕಚ್ಚಿರುವ ಸೀಸೆಗೆ ಯಾರಾದರೂ ಕಂಡಿಷನರ್ ಸುರಿದರೆ ಗುರುತು ಸುಳ್ಳು ಹೇಳುತ್ತದೆ. ಚಂದಕ್ಕೆಂದು ಕೊಂಡ ಬೋಳು ಸೀಸೆಗಳಿಗೆ ತುಂಬಿದರೆ ಅದು ಏನನ್ನೂ ಹೇಳುವುದಿಲ್ಲ.

ಇದೇ ಕಂಪನಿ 2019ರಲ್ಲಿ ಮಾರುಕಟ್ಟೆಗೆ ತಂದ ಅಟ್ಯಾಕ್ ಝೀರೋ ಎಂಬ ಬಟ್ಟೆ ಒಗೆಯುವ ದ್ರವದ, ಒಂದೇ ಕೈಯಲ್ಲಿ ಒತ್ತುವ ಸೀಸೆ ಬೇರೆ ದಾರಿ ಹಿಡಿಯಿತು. ಸಾಮಾನ್ಯ ಸೀಸೆಯಾದರೆ ಮುಚ್ಚಳ ತಿರುಗಿಸಿ, ಅದರೊಳಗಿನ ಗೆರೆಯವರೆಗೆ ದ್ರವ ಅಳೆದು ಸುರಿಯಲು ಎರಡು ಕೈಯೂ ಬೇಕು, ಕಣ್ಣೂ ಬೇಕು. ಒತ್ತುವ ಸೀಸೆಯಲ್ಲಿ ಅಳತೆ ಎಣಿಕೆಯಾಯಿತು. ಬಟ್ಟೆ ಹೆಚ್ಚಿದ್ದರೆ ಇನ್ನೆರಡು ಸಲ ಒತ್ತಿದರಾಯಿತು. ಇಲ್ಲಿ ಬದಲಾದದ್ದು ಗುರುತಲ್ಲ, ಕೆಲಸದ ರೀತಿಯೇ. ಉಳಿದ ಕಂಪನಿಗಳ ಒಪ್ಪಿಗೆಯೂ ಇದಕ್ಕೆ ಬೇಕಿರಲಿಲ್ಲ. ವಿನ್ಯಾಸವಾಗಿ ಕಚ್ಚಿಗಿಂತ ಇದು ಒಂದು ಹೆಜ್ಜೆ ಮುಂದಿದೆ. ಆದರೆ ಸೀಸೆ ಬರಿದಾದ ದಿನ ಪೊಟ್ಟಣದ ಮೂತಿ ತೆರೆದು, ಚೆಲ್ಲದಂತೆ ತುಂಬಿಸುವುದಕ್ಕೆ ಮತ್ತೆ ಎರಡು ಕೈ ಬೇಕು.