ಮರದ ಅಚ್ಚಿಗೆ ಸಲ್ಲಬೇಕಾದ ಮಾತು

ದೀಪಾವಳಿ ಹತ್ತಿರವಾದಂತೆ ಪತ್ರಿಕೆಗಳ ಪುರವಣಿಗಳಲ್ಲಿ, ಅಡುಗೆಯಲ್ಲಿ ಆಸಕ್ತಿಯಿರುವವರಿಗೆ ಏನು ಉಡುಗೊರೆ ಕೊಡಬಹುದು ಎಂಬ ಬರಹಗಳು ಕಾಣಿಸಿಕೊಳ್ಳುತ್ತವೆ. ಸಂಕ್ರಾಂತಿಯ ಹೊತ್ತಿಗೆ ಅವೇ ಸಲಹೆಗಳು ಎಳ್ಳುಬೆಲ್ಲದ ಚಿತ್ರದ ಜೊತೆ ಮತ್ತೊಮ್ಮೆ ಬರುತ್ತವೆ. ಡ್ರೈ ಫ್ರೂಟ್ಸ್ ಡಬ್ಬಿ, ಏರ್ ಫ್ರೈಯರ್, ಚಾಕುಗಳ ಸೆಟ್ಟು, ಈಚೆಗೆ ಅಂಗಡಿಯಲ್ಲೇ ಪಳಗಿಸಿಟ್ಟ ಕಬ್ಬಿಣದ ಕಾವಲಿ. ಇವುಗಳಲ್ಲಿ ಡ್ರೈ ಫ್ರೂಟ್ಸ್ ಡಬ್ಬಿಗೆ ಸಿಕ್ಕಿರುವಷ್ಟು ಮರ್ಯಾದೆ ಬೇರಾವುದಕ್ಕೂ ಇಲ್ಲ, ಅದಕ್ಕಿಂತ ಕಡಿಮೆ ಯೋಗ್ಯತೆಯ ಉಡುಗೊರೆಯೂ ಇಲ್ಲ. ನಾಲ್ಕು ಗೂಡುಗಳ ತಟ್ಟೆ, ಮೇಲೆ ಬಿಗಿದ ಹೊಳೆಯುವ ಹಾಳೆ, ಒಳಗೆ ಬಾದಾಮಿ, ಗೋಡಂಬಿ, ಪಿಸ್ತಾ, ಒಣದ್ರಾಕ್ಷಿ. ಗೋಡಂಬಿಯನ್ನು ಎಷ್ಟೋ ಸಲ ಉಪ್ಪುಹಾಕಿ ಹುರಿದಿರುತ್ತಾರೆ. ಅದನ್ನು ಪಾಯಸಕ್ಕೆ ಹಾಕುವಂತಿಲ್ಲ, ಬರ್ಫಿಗೆ ಅರೆಯುವಂತಿಲ್ಲ, ಕೇಸರಿಬಾತಿನ ಮೇಲೆ ಉದುರಿಸುವಂತಿಲ್ಲ. ಚೆನ್ನಾಗಿ ಅಡುಗೆ ಮಾಡುವ ಒಬ್ಬರಿಗೆ ಅಡುಗೆಗೆ ಬಾರದ ಪದಾರ್ಥವನ್ನು ಆರಿಸಿ ಕೊಟ್ಟು, ಅವರ ರುಚಿಯನ್ನು ಗೌರವಿಸಿದೆವು ಎಂದುಕೊಳ್ಳುತ್ತೇವೆ. ಡಬ್ಬಿ ಬಿಚ್ಚದೆ ಮುಂದಿನ ಮನೆಗೆ ಸಾಗುತ್ತದೆ.

ವಿದ್ಯುತ್ ಸಲಕರಣೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 1960ರ ದಶಕದಲ್ಲಿ ಸುಮೀತ್ ಮಿಕ್ಸಿ ಬಂದಾಗ ಅದು ಒರಳುಕಲ್ಲಿನ ಮುಂದೆ ಕೂತವರ ರಟ್ಟೆನೋವನ್ನು ಕಡಿಮೆ ಮಾಡಿತು. ಅದು ದೊಡ್ಡ ಉಪಕಾರ. ಆದರೆ ಅದು ಮನೆಗೆ ಬೇಕಾದ ವಸ್ತು, ಮನೆಯ ಖರ್ಚಿನಲ್ಲಿ ಬರಬೇಕಾದದ್ದು. ಹಬ್ಬದ ದಿನ ಬಣ್ಣದ ಕಾಗದ ಸುತ್ತಿ ಒಬ್ಬರ ಕೈಗಿಟ್ಟು ನಿನ್ನ ಅಡುಗೆಯ ಪ್ರೀತಿಗೆ ಇದು ಎನ್ನುವಂಥದ್ದಲ್ಲ. ಅಡುಗೆ ಪುಸ್ತಕದ ವಿಷಯದಲ್ಲಿ ಮಾತ್ರ ನನಗೆ ಸ್ವಲ್ಪ ಹಿಂಜರಿಕೆ ಇದೆ. ಎಸ್. ಮೀನಾಕ್ಷಿ ಅಮ್ಮಾಳ್ 1951ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದ ‘ಸಮೈತ್ತುಪ್ಪಾರ್’ ತಮಿಳು ಮನೆಗಳಲ್ಲಿ ಗಂಡನ ಮನೆಗೆ ಹೊರಟ ಹೆಣ್ಣುಮಕ್ಕಳ ಪೆಟ್ಟಿಗೆಗೆ ಸೇರುತ್ತ ಬಂತು. ಓದುವವರು ಒಲೆಯ ಮುಂದೆ ನಿಲ್ಲುತ್ತಾರೆ ಎಂದು ನಂಬಿ ಬರೆದ ಪುಸ್ತಕ ಒಳ್ಳೆಯ ಉಡುಗೊರೆಯೇ. ಆದರೂ ಪುಸ್ತಕ ಹೇಳಿಕೊಡಲಾಗದ ಒಂದು ಜಾಗವಿದೆ, ಅದು ಪಾಕ. ನನ್ನ ಮಾತೆಲ್ಲ ಅಲ್ಲಿಂದಲೇ ಶುರುವಾಗುತ್ತದೆ.

ಅಡುಗೆಯನ್ನು ಪ್ರೀತಿಸುವವರಿಗೆ ಕೊಡುವ ವಸ್ತು ಅವರ ಕೈಗೆ ಒಂದು ಹೊಸ ಕೆಲಸ ಕೊಡಬೇಕು. ಆ ಕೆಲಸ ಮೊದಲ ಸಲಕ್ಕೇ ದಕ್ಕಬಾರದು, ದಕ್ಕಿದ ಮೇಲೆ ಇನ್ನೊಬ್ಬರಿಗೆ ಹಂಚುವಂತಿರಬೇಕು. ಈ ಅಳತೆಗೆ ಸರಿಹೊಂದುವ ವಸ್ತು ನಮ್ಮಲ್ಲೇ ಇದೆ: ಸಂಕ್ರಾಂತಿಯ ಸಕ್ಕರೆ ಅಚ್ಚು ಎರೆಯುವ ಮರದ ಅಚ್ಚು. ಅದರ ಹೆಸರು ಆ ಯಾವ ಪಟ್ಟಿಯಲ್ಲೂ ಇಲ್ಲ.

ಎಳ್ಳು ಬೀರುವ ಪದ್ಧತಿಯನ್ನು ಹಳೇ ಮೈಸೂರಿನ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ಅದರ ಬಗ್ಗೆ ಬರೆಯುವವರು ಕೊಬ್ಬರಿ, ಬೆಲ್ಲ, ಹುರಿಗಡಲೆ, ಕಡಲೆಕಾಯಿಬೀಜ, ಎಳ್ಳು ಎಂದು ಐದನ್ನು ಎಣಿಸಿ, ಒಳ್ಳೆಯ ಮಾತಾಡಿ ಎಂಬ ಗಾದೆಗೆ ಬಂದು ನಿಲ್ಲುತ್ತಾರೆ. ತಟ್ಟೆಯ ಮೇಲೆ ಕೂತ ಬಿಳಿಯ ಗಿಳಿ, ನವಿಲು, ಆನೆ, ತುಳಸಿಕಟ್ಟೆ ಅವರ ಕಣ್ಣಿಗೆ ಅಲಂಕಾರ ಮಾತ್ರ. ನನ್ನ ದೃಷ್ಟಿಯಲ್ಲಿ ಆ ತಟ್ಟೆಯ ಮೇಲಿನ ಅತ್ಯಂತ ಕಠಿಣವಾದ ಅಡುಗೆ ಆ ಸಕ್ಕರೆ ಅಚ್ಚೇ.

ಕೆಲಸದ ಕ್ರಮ ಗಮನಿಸಿ. ಮರದ ಅಚ್ಚಿನ ಭಾಗಗಳನ್ನು ಮೊದಲೇ ನೀರಿನಲ್ಲಿ ಚೆನ್ನಾಗಿ ನೆನೆಸಿಡಬೇಕು. ಸಕ್ಕರೆಗೆ ನೀರು ಹಾಕಿ ಕುದಿಸಿ, ಒಂದಿಷ್ಟು ಹಾಲು ಬಿಟ್ಟರೆ ಹಾಲು ಒಡೆದು ಕೊಳೆಯನ್ನೆಲ್ಲ ಹಿಡಿದುಕೊಂಡು ಮೇಲೆ ಬರುತ್ತದೆ. ಅದನ್ನು ತೆಗೆದು, ತೆಳು ಬಟ್ಟೆಯಲ್ಲಿ ಸೋಸಬೇಕು. ಪಾನಕ ತಿಳಿಯಾಗುವ ತನಕ ಇದೇ ಕೆಲಸ. ಇಲ್ಲಿಯವರೆಗೆ ತಾಳ್ಮೆ ಇದ್ದವರು ಯಾರಾದರೂ ಮಾಡಬಹುದು. ಮುಂದಿನದು ಹಾಗಲ್ಲ. ತಿಳಿಪಾನಕವನ್ನು ಒಂದೆರಡು ಸೌಟು ಮಾತ್ರ ಚಿಕ್ಕ ಪಾತ್ರೆಗೆ ತೆಗೆದುಕೊಂಡು ಕಾಯಿಸಿ, ಪಾಕ ಬಂದೊಡನೆ ಕದಡುತ್ತ ಹೋಗಬೇಕು. ನಿರ್ಮಲವಾಗಿದ್ದ ಪಾಕ ಒಂದು ಹಂತದಲ್ಲಿ ಮಬ್ಬಾಗಿ ಬೆಳ್ಳಗೆ ತಿರುಗತೊಡಗುತ್ತದೆ. ಆ ಕ್ಷಣಕ್ಕೆ ಅಚ್ಚಿಗೆ ಎರೆಯಬೇಕು. ಮುಂಚೆ ಎರೆದರೆ ಗಟ್ಟಿಯಾಗದೆ ಅಂಟಾಗಿ ಉಳಿಯುತ್ತದೆ. ತಡವಾದರೆ ಪಾತ್ರೆಯಲ್ಲೇ ಹರಳುಗಟ್ಟಿ ಕೂರುತ್ತದೆ, ಸೌಟೂ ಅದರೊಳಗೇ ಸಿಕ್ಕಿಕೊಳ್ಳುತ್ತದೆ. ಒಟ್ಟಿಗೆ ಹೆಚ್ಚು ಪಾಕ ಮಾಡಬಾರದು ಎನ್ನುವುದು ಇದಕ್ಕೇ. ಹತ್ತು ಅಚ್ಚು ತುಂಬುವಷ್ಟು ಪಾಕ ಹತ್ತನೆಯ ಅಚ್ಚಿನ ತನಕ ಕಾಯುವುದಿಲ್ಲ.

ಇದರ ಹಿಂದಿನ ಕಾರಣವೂ ಸ್ವಾರಸ್ಯವಾದದ್ದು. ಕಾದ ಪಾಕದಲ್ಲಿ, ತಣ್ಣನೆಯ ನೀರು ಹಿಡಿದಿಟ್ಟುಕೊಳ್ಳಬಲ್ಲುದಕ್ಕಿಂತ ಹೆಚ್ಚು ಸಕ್ಕರೆ ಕರಗಿರುತ್ತದೆ. ತಣಿಯುತ್ತಿದ್ದಂತೆ ಅದು ಹರಳಾಗಲು ಹವಣಿಸುತ್ತದೆ. ಕದಡದೆ ಬಿಟ್ಟರೆ ದೊಡ್ಡ ಹರಳುಗಳು ಅಡ್ಡಾದಿಡ್ಡಿ ಕೂಡುತ್ತವೆ, ಕದಡಿದರೆ ಅಸಂಖ್ಯ ಸಣ್ಣ ಹರಳುಗಳು ಒಟ್ಟಿಗೆ ಹುಟ್ಟುತ್ತವೆ. ಗಿಳಿಯ ಮೈ ನುಣುಪಾಗಿ, ಹಾಲಿನಂತೆ ಬೆಳ್ಳಗೆ ಕಾಣುವುದು ಆ ಸಣ್ಣ ಹರಳುಗಳಿಂದ. ಕೆಲವರು ಪಾಕಕ್ಕೆ ನಿಂಬೆರಸದ ಹನಿ ಹಾಕುತ್ತಾರೆ. ಹುಳಿ ಸಕ್ಕರೆಯ ಒಂದು ಪಾಲನ್ನು ಒಡೆದು, ಹರಳುಗಟ್ಟುವುದನ್ನು ನಿಧಾನಿಸುತ್ತದೆ. ಹನಿ ಹೆಚ್ಚಾದರೆ ಅಚ್ಚು ಎಷ್ಟು ಹೊತ್ತಾದರೂ ಮೆತ್ತಗೇ ಇರುತ್ತದೆ. ಹನಿಯ ಲೆಕ್ಕ, ಉರಿಯ ಲೆಕ್ಕ, ಕದಡುವ ಕೈಯ ವೇಗ ಇವು ಮೂರೂ ಒಂದಕ್ಕೊಂದು ಹೊಂದಬೇಕು. ಒಬ್ಬೊಬ್ಬರ ಒಲೆಯಲ್ಲಿ ಒಂದೊಂದು ಬಗೆಯಾದ್ದರಿಂದ ಇದನ್ನು ಅಕ್ಷರದಲ್ಲಿ ಹಿಡಿದುಕೊಡಲು ಆಗುವುದಿಲ್ಲ.

ಇನ್ನು ಮರ. ಒದ್ದೆಮರಕ್ಕೆ ಪಾಕ ಅಂಟುವುದಿಲ್ಲ, ನೆನೆಸುವುದು ಅದಕ್ಕಾಗಿಯೇ. ಮರ ಶಾಖವನ್ನು ಬೇಗ ಎಳೆದುಕೊಳ್ಳುವುದೂ ಇಲ್ಲ, ಹೀಗಾಗಿ ಪಾಕ ಅಚ್ಚಿನ ಮೂಲೆಮೂಲೆಗೆ ಇಳಿಯುವ ತನಕ ಹರಿಯುವ ಸ್ಥಿತಿಯಲ್ಲೇ ಇರುತ್ತದೆ. ಎರಡು ಭಾಗಗಳನ್ನು ಜೋಡಿಸಿ ದಾರ ಇಲ್ಲವೇ ರಬ್ಬರ್ ಬ್ಯಾಂಡು ಬಿಗಿದು, ಮೇಲಿನಿಂದ ಎರೆದು, ಗಟ್ಟಿಯಾದ ಮೇಲೆ ಬಿಚ್ಚಿದರೆ ಹಿಂದೆ ಮುಂದೆ ಎರಡೂ ಬದಿಗೆ ರೆಕ್ಕೆಯಿರುವ, ತನ್ನ ಕಾಲ ಮೇಲೆ ತಾನೇ ನಿಲ್ಲುವ ಹಕ್ಕಿ ಬರುತ್ತದೆ. ಈಗ ಮಾರುವ ಸಿಲಿಕೋನ್ ಅಚ್ಚುಗಳನ್ನು ಮೆಚ್ಚುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ. ಅವು ಬಹುಪಾಲು ಮೇಲುಬದಿ ತೆರೆದಿರುವ ತಟ್ಟೆಗಳು, ಅವುಗಳಲ್ಲಿ ಎರೆದದ್ದರ ಬೆನ್ನು ಚಪ್ಪಟೆ. ಅವುಗಳಿಂದ ಬಿಡಿಸುವುದು ಸುಲಭ ಎನ್ನುವುದನ್ನು ಒಪ್ಪುತ್ತೇನೆ. ಆದರೆ ಅಡುಗೆಯನ್ನು ಪ್ರೀತಿಸುವವರಿಗೆ ಸುಲಭದ ಆಸೆ ತೋರಿಸಬೇಕಾಗಿಲ್ಲ. ಮರದ ಅಚ್ಚಿನಿಂದ ಕೊಕ್ಕು ಮುರಿಯದೆ ಗಿಳಿಯನ್ನು ಬಿಡಿಸಿದ ದಿನ ಅವರಿಗೆ ಆಗುವ ಸಂತೋಷವನ್ನು ಏರ್ ಫ್ರೈಯರಿನ ಯಾವ ಗುಂಡಿಯೂ ಕೊಡಲಾರದು.

ಈ ವಸ್ತು ಪಟ್ಟಿಗಳಿಂದ ಬಿದ್ದುಹೋದದ್ದಕ್ಕೆ ನಮ್ಮ ಆಹಾರ ಲೇಖಕರ ಪಾಲೂ ಇದೆ. ಒಂದು ಗುಂಪಿನವರು ಎಳ್ಳುಬೆಲ್ಲಕ್ಕೆ ‘ವೈಜ್ಞಾನಿಕ ಕಾರಣ’ ಹುಡುಕುತ್ತಾರೆ. ಚಳಿಗಾಲದಲ್ಲಿ ಚರ್ಮ ಒಡೆಯುತ್ತದೆ, ಎಣ್ಣೆಯಂಶ ಬೇಕು, ಆದ್ದರಿಂದ ಹಿರಿಯರು ಎಳ್ಳು ಕೊಬ್ಬರಿ ತಿನ್ನಿಸಿದರು ಎಂಬ ವಾದ. ಸಕ್ಕರೆ ಅಚ್ಚು ಈ ವಾದಕ್ಕೆ ಸಿಗುವುದಿಲ್ಲ, ಅದು ಬರೀ ಸಕ್ಕರೆ. ಹೀಗಾಗಿ ಅದನ್ನು ಬರಹದಿಂದಲೇ ಕೈಬಿಡುತ್ತಾರೆ, ಇಲ್ಲವೇ ಮಕ್ಕಳ ಹಲ್ಲಿಗೆ ಕೇಡು ಎಂದು ಎಚ್ಚರಿಸುತ್ತಾರೆ. ತಿನ್ನುವುದೆಲ್ಲ ಔಷಧಿಯ ಲೆಕ್ಕಕ್ಕೆ ಬರಬೇಕು ಎಂದು ಹಟ ಹಿಡಿದರೆ ಅಂದಕ್ಕಾಗಿ, ಕೈಚಳಕಕ್ಕಾಗಿ, ಇನ್ನೊಬ್ಬರ ತಟ್ಟೆಯಲ್ಲಿ ಇಡುವ ಖುಷಿಗಾಗಿ ಮಾಡಿದ ಅಡುಗೆಗೆ ಜಾಗವೇ ಇರುವುದಿಲ್ಲ. ಇನ್ನೊಂದು ಗುಂಪು ಹಳೆಯ ಅಚ್ಚುಗಳನ್ನು ಹುಡುಕಿ ತಂದು ಎಣ್ಣೆ ಒರೆಸಿ ಗೋಡೆಗೆ ತೂಗುಹಾಕುವವರದು. ಅವರು ಅಚ್ಚನ್ನು ಉಳಿಸಿದ್ದಾರೆ, ನಿಜ. ಆದರೆ ಅದಕ್ಕೆ ನೀರು ಸೋಕಿಸುವುದಿಲ್ಲ.

ಮೂರನೆಯ ಆಕ್ಷೇಪ ಇವೆರಡಕ್ಕಿಂತ ಗಂಭೀರವಾದದ್ದು. ಅಡುಗೆಮನೆಯ ಸಲಕರಣೆಯನ್ನು ಹೆಂಗಸಿಗೆ ಉಡುಗೊರೆಯಾಗಿ ಕೊಡುವುದು ಅವಳಿಗೆ ಇನ್ನಷ್ಟು ದುಡಿಮೆ ಕೊಟ್ಟಂತೆ ಎಂದು ಸ್ತ್ರೀವಾದಿ ಲೇಖಕಿಯರು ಹೇಳುತ್ತಾರೆ. ಕುಕ್ಕರು, ದೋಸೆಯ ಹೆಂಚು, ರೊಟ್ಟಿಯ ತವಾಗಳ ವಿಷಯದಲ್ಲಿ ನಾನು ಪೂರ್ತಿಯಾಗಿ ಅವರ ಕಡೆ. ಬೆಳಿಗ್ಗೆ ಆರಕ್ಕೆ ಎದ್ದು ಡಬ್ಬಿ ಕಟ್ಟುವವಳಿಗೆ ಹೊಸ ಹೆಂಚು ಕೊಟ್ಟು ಹಬ್ಬದ ಶುಭಾಶಯ ಹೇಳುವುದು ನಾಚಿಕೆಗೇಡು. ಆದರೆ ಅವರು ಅದೇ ಮಾತನ್ನು ಅಚ್ಚಿಗೂ ಅನ್ವಯಿಸಿದಾಗ ನನ್ನ ತಕರಾರು ಶುರುವಾಗುತ್ತದೆ. ಸಕ್ಕರೆ ಅಚ್ಚಿನಿಂದ ಯಾರ ಹಸಿವೂ ಹಿಂಗುವುದಿಲ್ಲ. ಅದನ್ನು ದಿನವೂ ಮಾಡು ಎಂದು ಯಾವ ಅತ್ತೆಯೂ ಯಾವ ಗಂಡನೂ ಕೇಳಲಾರರು, ವರ್ಷದಲ್ಲಿ ಒಮ್ಮೆ ಮಾತ್ರ ಅದಕ್ಕೆ ಕೆಲಸ. ಮನೆಯ ಕರ್ತವ್ಯಕ್ಕೆ ಸೇರದ ಅಡುಗೆ ಅಂದರೆ ಇದು. ಜೊತೆಗೆ, ಒಬ್ಬರೇ ಮಾಡಲು ಬಾರದ ಅಡುಗೆ. ಒಬ್ಬರು ಪಾಕ ಕದಡುವಾಗ ಇನ್ನೊಬ್ಬರು ಅಚ್ಚು ಬಿಗಿದು ಹಿಡಿದಿರಬೇಕು, ಬಿಚ್ಚಿದ್ದನ್ನು ಮತ್ತೆ ಒದ್ದೆ ಮಾಡಿ ಕಟ್ಟಿಕೊಡಬೇಕು. ಕೊಟ್ಟವರೇ ಆ ಎರಡನೆಯ ಜೋಡಿ ಕೈಯಾಗಿ ಹೋಗಿ ನಿಲ್ಲಬಹುದು, ನಿಲ್ಲಲೇಬೇಕು. ಇದಿಷ್ಟೂ ಹೇಳಿದ ಮೇಲೆ ಆ ಲೇಖಕಿಯರಿಗೆ ನನ್ನದೊಂದು ಪ್ರಶ್ನೆಯಿದೆ: ಅಡುಗೆ ಇಷ್ಟಪಡುವ ಗಂಡಸಿಗೆ ಚಾಕುಗಳ ಸೆಟ್ಟು ಕೊಟ್ಟಾಗ ಅದನ್ನು ದುಡಿಮೆ ಎಂದು ಯಾರೂ ಕರೆಯದೆ ಹವ್ಯಾಸ ಎಂದು ಕರೆಯುತ್ತಾರೆ. ಆ ಸ್ವಾತಂತ್ರ್ಯವನ್ನು ಅಡುಗೆ ಪ್ರೀತಿಸುವ ಹೆಂಗಸಿಗೂ ಯಾಕೆ ಕೊಡಬಾರದು? ಅಚ್ಚನ್ನು ಮಗನಿಗೆ, ಅಣ್ಣನಿಗೆ, ಅಳಿಯನಿಗೆ ಕೊಡಿ ಎಂದೂ ಹೇಳುತ್ತೇನೆ. ಹಳೇ ಮೈಸೂರಿನಲ್ಲಿ ಎಳ್ಳು ಬೀರುವುದು ಹೆಂಗಸರ, ಹೆಣ್ಣುಮಕ್ಕಳ ಓಡಾಟವಾಗಿಯೇ ಉಳಿದುಕೊಂಡಿದೆ. ಒಲೆಯ ಮುಂದಿನ ಕೆಲಸವೂ ಹಾಗೆಯೇ ಉಳಿಯಬೇಕಾಗಿಲ್ಲ.

ಅಚ್ಚಿನಲ್ಲಿ ದೋಷಗಳಿಲ್ಲವೆಂದಲ್ಲ. ಒದ್ದೆಯಾಗಿ ಎತ್ತಿಟ್ಟರೆ ಬೂಷ್ಟು ಹಿಡಿಯುತ್ತದೆ, ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ, ನೆರಳಲ್ಲೇ ಆರಿಸಬೇಕು. ಆರಿಸಿ ಕೊಳ್ಳುವಾಗಲೂ ಎಚ್ಚರ ಬೇಕು. ಎರಡು ಭಾಗ ಕೂಡಿಸಿ ಬೆಳಕಿಗೆ ಹಿಡಿದರೆ ನಡುವೆ ಸಂದು ಕಾಣಬಾರದು, ಕಂಡರೆ ಪಾಕ ಸೋರುತ್ತದೆ. ಕೆತ್ತನೆ ಆಳವಾಗಿರಬೇಕು, ಆದರೆ ಒಳಗೆ ಕೊಕ್ಕೆಯಂತೆ ಬಾಗಿರಬಾರದು. ಬಾಗಿದ್ದರೆ ಬಿಡಿಸುವಾಗ ಆ ಭಾಗ ಮುರಿದು ಒಳಗೇ ಉಳಿಯುತ್ತದೆ. ಬಣ್ಣ ಅಥವಾ ವಾರ್ನಿಷ್ ಬಳಿದದ್ದು ಬೇಡವೇ ಬೇಡ, ಅದು ನೀರು ಕುಡಿಯುವುದಿಲ್ಲ. ಕಲಿಯುವವರಿಗೆ ದೊಡ್ಡ ಗೋಪುರಕ್ಕಿಂತ ಚಿಕ್ಕ ಮೀನು, ಚಿಕ್ಕ ಹಕ್ಕಿ ಒಳ್ಳೆಯದು. ಎರಡು ಮೂರು ಅಚ್ಚು, ಒಂದು ಕಿಲೋ ಸಕ್ಕರೆ, ಸೋಸಲು ಒಂದು ಗಜ ತೆಳು ಬಟ್ಟೆ ಕೊಟ್ಟರೆ ಸಾಕು.

ಅದನ್ನು ಯಾವಾಗ ಕೊಡಬೇಕು ಎಂಬುದೂ ಉಡುಗೊರೆಯ ಭಾಗವೇ. ಹಬ್ಬದ ದಿನ ಕೈಗಿಡುವ ಉಡುಗೊರೆ, ಹಬ್ಬದ ಅಡುಗೆ ಮುಗಿದಿರುವ ಮನೆಗೆ ಬರುತ್ತದೆ. ಡ್ರೈ ಫ್ರೂಟ್ಸ್ ಡಬ್ಬಿ ಹಾಗೆ ಬಂದರೂ ನಷ್ಟವಿಲ್ಲ, ಅದಕ್ಕೆ ಅಲ್ಲಿ ಮಾಡುವ ಕೆಲಸ ಏನೂ ಇಲ್ಲ. ಜನವರಿ ಎರಡನೆಯ ವಾರಕ್ಕೆ ಗಾಂಧಿ ಬಜಾರಿನಲ್ಲಿ, ಮಲ್ಲೇಶ್ವರದಲ್ಲಿ ಸಿದ್ಧ ಸಕ್ಕರೆ ಅಚ್ಚುಗಳು ರಾಶಿಬಿದ್ದಿರುತ್ತವೆ. ಆಗ ಅಚ್ಚು ಕೊಟ್ಟರೆ ತೆಗೆದುಕೊಂಡವರು ಒಂದು ವರ್ಷ ಕಾಯಬೇಕು. ಡಿಸೆಂಬರ್ ಮೊದಲ ವಾರದಲ್ಲೇ ಕೊಟ್ಟುಬಿಡಬೇಕು. ಅಷ್ಟು ದಿನ ಕೈಯಲ್ಲಿದ್ದರೆ ಮೊದಲ ಪಾಕ ಪಾತ್ರೆಯಲ್ಲೇ ಕೂತರೂ, ಎರಡನೆಯದು ಅಚ್ಚಿಗೆ ಅಂಟಿದರೂ, ಸಂಕ್ರಾಂತಿಯ ತಟ್ಟೆಗೆ ನಾಲ್ಕು ಗಟ್ಟಿ ಗಿಳಿ ಎರೆಯಲು ಸಮಯ ಉಳಿಯುತ್ತದೆ.